ಆಡು ಮುಟ್ಟದ ಸೊಪ್ಪು

ನಂಬದವರು ಈಗಲೇ ಎದ್ದು ಹೋಗಿ, ನನಗೇನೂ ನಷ್ಟವಿಲ್ಲ. ಪುಟ್ಟಕ್ಕನ ಹಿತ್ತಲಿನ ಕಣಗಿಲೆ ಗಿಡ ಒಮ್ಮೆ ಬಾಯಿಬಿಟ್ಟು ಮಾತಾಡಿತ್ತು. ಆ ಮಾತು ಕೇಳಿದ್ದು, ಅವಳು ಅಂಗೈಯಲ್ಲೇ ತಿನ್ನಿಸಿ ಬೆಳೆಸಿದ ಕೆಂದ ಎಂಬ ಹೋತ.

ಮಂದೆಯ ಮುಂದೆ ನಡೆಯುವ ಮುದಿ ಆಡಿನ ಕೊರಳಗಂಟೆಯ ಮೇಲೆ ಕೆಂದನಿಗೆ ಕಣ್ಣಿತ್ತು.

"ಅಜ್ಜೀ, ಆಡು ಮುಟ್ಟದ ಸೊಪ್ಪಿಲ್ಲ ಅಂತ ಊರೇ ಹೇಳುತ್ತೆ. ಈ ಕಣಗಿಲೆಯನ್ನು ನೀನು ಒಮ್ಮೆಯಾದರೂ ಮುಟ್ಟಿದ್ದೀಯಾ?"

"ಇಲ್ಲ ಕಣೋ. ಅದಕ್ಕೇ ಇನ್ನೂ ಬದುಕಿದ್ದೀನಿ."

"ಹಾಗಾದರೆ ನಾನು ತಿಂತೀನಿ. ಗಂಟೆ ಬಿಚ್ಚಿಡು."

ಆಗ ಕಣಗಿಲೆ ಹೇಳಿತು: "ಬೇಡಪ್ಪ. ನನ್ನ ಹೂವು ದೇವರ ತಲೆಗೆ, ಎಲೆ ಯಾರ ಬಾಯಿಗೂ ಅಲ್ಲ. ಗಾದೆ ಕಟ್ಟಿದವರು ನನ್ನನ್ನು ತಿಂದು ನೋಡಿ ಕಟ್ಟಲಿಲ್ಲ."

"ಹೆದರಿದೆಯಾ?" ಎಂದು ನಕ್ಕು ಕೆಂದ ಒಂದು ಕೊಂಬೆಯನ್ನು ಪೂರ್ತಿ ಬೋಳಿಸಿದ. ಕಹಿಗೆ ನಾಲಿಗೆ ಸುರುಟಿತು. ಆಡುಗಳೆಲ್ಲ ನೋಡುತ್ತಿದ್ದವು, ಹಾಗಾಗಿ ಅವನು ಉಗುಳಲಿಲ್ಲ.

ಹೊತ್ತಿಳಿಯುವಷ್ಟರಲ್ಲಿ ಕಾಲು ಮಡಚಿ ಬಿದ್ದ. ಪುಟ್ಟಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು, ಉಸಿರು ನಿಂತ ಮೇಲೂ.

ಗಂಟೆ ಮುದಿ ಆಡಿನ ಕೊರಳಲ್ಲೇ ಉಳಿಯಿತು. ಕೆಂದನಿಗೆ ಕೊಟ್ಟಿದ್ದು ಕಣಗಿಲೆಯ ಬುಡದಲ್ಲಿ ಒಂದು ಗುಂಡಿ.