ಚುಂಗಿನಲ್ಲಿ ಕಟ್ಟಿದ ಸೆಲ್ಲು

ಹೊಳೆದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ, ಕಂಪ್ಯೂಟರ್ ವಿದ್ಯೆ ಹೇಳಿಕೊಡುತ್ತಿದ್ದರು.

ಗುರುಗಳು ಈರಯ್ಯಜ್ಜ. ಮಾತು ಕಡಿಮೆ. ಆಡಿದ ಒಂದು ಮಾತನ್ನೇ ಮೆಲುಕು ಹಾಕುತ್ತ ಶಿಷ್ಯರು ಊಟ ಮರೆಯುತ್ತಿದ್ದರು.

ಆ ಶಿಷ್ಯರಲ್ಲಿ ಬರಮ ಅಂತ ಒಬ್ಬನಿದ್ದ. ಅಂತಿಂಥ ಆಸಾಮಿಯಲ್ಲ. ಊರಿನ ಪಂಪ್‌ಸೆಟ್ಟುಗಳ ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತಲೇ ಬೆಳೆದವನು. ಅವನು ಮುಟ್ಟಿದ ಯಂತ್ರ ಏಳಲೇಬೇಕು. ಏಳದಿದ್ದರೆ ತಪ್ಪು ಯಂತ್ರದ್ದು.

ಆಶ್ರಮದಲ್ಲೊಂದು ಪದ್ಧತಿ. ಕಲಿಕೆ ಮುಗಿಸುವವನು ಕೈಯಾರೆ ಒಂದು ಕಂಪ್ಯೂಟರ್ ಜೋಡಿಸಬೇಕು. ಅದರ ಪ್ರೊಸೆಸರನ್ನು, ಮಾಡಿದವರು ಹೇಳಿದ ವೇಗಕ್ಕಿಂತ ಜೋರಾಗಿ ಓಡಿಸಬೇಕು. ಎಷ್ಟು ಜೋರು ಎಂದು ಎಲ್ಲರ ಎದುರು ತಾನೇ ಸಾರಬೇಕು. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ, ಮೈತುಂಬ ಕೆಲಸ ಹೊತ್ತು, ಯಂತ್ರ ಆ ವೇಗದಲ್ಲಿ ಬೀಳದೆ ನಿಲ್ಲಬೇಕು.

ನಿಂತರೆ ಈರಯ್ಯಜ್ಜ ತಮ್ಮದೊಂದು ಸ್ಕ್ರೂಡ್ರೈವರನ್ನು ಶಿಷ್ಯನ ಕೈಗಿಡುತ್ತಿದ್ದರು. ಅದೇ ದೀಕ್ಷೆ. ಅದು ಸಿಕ್ಕವನು ಊರಿಗೆ ಹೋಗಿ ಅಂಗಡಿ ತೆಗೆಯಬಹುದು. ಸಿಗದವನು ಮತ್ತೆ ಕಸ ಗುಡಿಸುತ್ತ ಕಲಿಯಬೇಕು.

ಬರಮ ಎದೆ ಸೆಟೆಸಿ ಸಾರಿದ್ದ: "ಐದು ಪಾಯಿಂಟ್ ಎರಡು ಗಿಗಾಹರ್ಟ್ಸ್!"

ಆಶ್ರಮದಲ್ಲಿ ಅದುವರೆಗೆ ಯಾರೂ ಅಷ್ಟು ಹೇಳಿರಲಿಲ್ಲ. ಸುದ್ದಿ ಊರು ಮುಟ್ಟಿತು. ಸೋದರಮಾವ ಬಸ್‌ಸ್ಟ್ಯಾಂಡಿನ ಎದುರು ಮಳಿಗೆ ಹಿಡಿದು ಬೋರ್ಡನ್ನೂ ಬರೆಸಿಬಿಟ್ಟ. ಬೋರ್ಡಿನಲ್ಲಿ ಬರಮನ ಹೆಸರು. ಹೆಸರಿನ ಕೆಳಗೆ, ಹೆಸರಿಗಿಂತ ದೊಡ್ಡದಾಗಿ, 5.2.

ಪರೀಕ್ಷೆಗೆ ಒಂದೇ ದಿನ ಉಳಿದಿತ್ತು.

ಜೊತೆಯಲ್ಲಿ ಕಲಿಯುತ್ತಿದ್ದ ನೀಲವ್ವ ಬಂದು ಹೇಳಿದಳು: "ಬರಮಣ್ಣ, ನಿನ್ನ ಮದರ್‌ಬೋರ್ಡಿಗೆ ಹೊಸ ಬಯೋಸ್ ಬಂದೈತಿ. ಪರೀಕ್ಷಾ ಮುಗಿಯೂತನಕ ಮುಟ್ಟಬ್ಯಾಡ ಮತ್ತ."

ಬಯೋಸ್ ಅಂದರೆ ಮದರ್‌ಬೋರ್ಡಿನ ಒಳಗೇ ಕೂತಿರುವ ಸಣ್ಣ ತಂತ್ರಾಂಶ. ಗುಂಡಿ ಒತ್ತಿದಾಗ ಯಂತ್ರವನ್ನು ಎಬ್ಬಿಸುವುದು ಅದು. ಪ್ರೊಸೆಸರಿಗೆ ಎಷ್ಟು ವೇಗ, ಎಷ್ಟು ವೋಲ್ಟೇಜ್ ಎಂದು ಹಂಚುವುದೂ ಅದೇ.

"ಹೊಸದು ಅಂದ್ರ ಇನ್ನೂ ಜೋರ ಓಡಿಸ್ತೈತಿ," ಅಂದ ಬರಮ. "ನಾಳೆ ಐದು ಪಾಯಿಂಟ್ ಮೂರಕ್ಕ ಹೊಡೀತೀನಿ. ನೀ ಬಾಯಿ ತಕ್ಕೊಂಡು ನೋಡ್ತಿರು."

ಹಾಕಿಯೇ ಬಿಟ್ಟ.

ಆಮೇಲೆ ತನ್ನ ಹಳೆಯ ಸೆಟ್ಟಿಂಗ್‌ಗಳನ್ನು ಕೊಟ್ಟು ಯಂತ್ರವನ್ನು ಎಬ್ಬಿಸಿದ. ಎದ್ದಿತು. ಕೆಲಸ ಹೊರಿಸಿದ. ಪರದೆ ಕಪ್ಪಾಯಿತು.

ಮತ್ತೆ ಎಬ್ಬಿಸಿದ. ಮತ್ತೆ ಕಪ್ಪು.

ಹಳೇ ಬಯೋಸಿಗೇ ಮರಳೋಣ ಅಂದರೆ ಹೊಸದು ಬಿಡಲಿಲ್ಲ. ಮೆಮೊರಿ ಕಿತ್ತು ಒರೆಸಿ ಹಾಕಿದ. ಕರೆಂಟು ಕೊಡುವ ಡಬ್ಬಿಯನ್ನೇ ಬದಲಿಸಿದ. ಫ್ಯಾನಿನ ಧೂಳು ಊದಿದ. ಕಡೆಗೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಯಂತ್ರದ ಹಣೆಗೆ ವಿಭೂತಿಯನ್ನೂ ಹಚ್ಚಿದ.

ಪರದೆ ಕಪ್ಪು.

ಬರಮ ಹೊಳೆಗೆ ಓಡಿದ. ಈರಯ್ಯಜ್ಜ ಮೆಟ್ಟಿಲ ಮೇಲೆ ಧೋತರ ಒಗೆಯುತ್ತಿದ್ದರು.

"ಅಜ್ಜಾರ, ಹೊಸ ಬಯೋಸ್ ನನ್ನ ಯಂತ್ರ ಹಾಳ ಮಾಡ್ತ್ರಿ!"

"ಯಾರು ಹಾಕಿದ್ರು?"

"ನಾನ ಹಾಕೀನ್ರಿ." ದನಿ ಸ್ವಲ್ಪ ಇಳಿಯಿತು. ಆದರೆ ಸ್ವಲ್ಪವೇ. "ಸೆಟ್ಟಿಂಗ್ ಮಾತ್ರ ಏನೂ ಬದಲ ಮಾಡಿಲ್ರಿ. ನಿನ್ನೆ ಕೊಟ್ಟಿದ್ದ ಇವತ್ತೂ ಕೊಟ್ಟೀನಿ. ಒಂದು ಚುಕ್ಕಿ ಅತ್ತಿತ್ತ ಆಗಿಲ್ಲ."

"ಯಾರಿಗೆ ಕೊಟ್ಟಿ?"

"ಯಂತ್ರಕ್ಕ ರೀ."

"ಯಾವ ಯಂತ್ರಕ್ಕ?"

ಬರಮ ಪಿಳಿಪಿಳಿ ಕಣ್ಣು ಬಿಟ್ಟ. "ಇದ ರೀ... ನಂದು... ನಿನ್ನಿ ಯಂತ್ರಕ್ಕ ರೀ."

ಅಜ್ಜ ಧೋತರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. "ಹಿಡಿ. ಹಿಂಡು."

ಇಬ್ಬರೂ ಎದುರುಬದುರಾಗಿ ನಿಂತು ಹಿಂಡಿದರು. ನೀರು ಸುರಿಯಿತು. ಬರಮನ ಮುಖ ಅರಳಿತು.

"ತಿಳೀತ್ರಿ ಅಜ್ಜಾರ! ಪ್ರೊಸೆಸರನ್ನೂ ಹಿಂಗ ಹಿಂಡಬೇಕು. ವೋಲ್ಟೇಜ್ ಇನ್ನೂ ಏರಸ್ಬೇಕು. ಹೌದಲ್ರಿ?"

"ಧೋತರ ಒಣಗಬೇಕು," ಅಂದರು ಅಜ್ಜ. "ಅಷ್ಟ."

ಆಮೇಲೆ ಬರಮನ ಹಿಂದೆಯೇ ಬಂದರು. ಯಂತ್ರದ ವೈರು ಕೀಳಿಸಿದರು. ಮುಚ್ಚಳ ತೆಗೆಸಿದರು. ಮದರ್‌ಬೋರ್ಡಿನ ಮೂಲೆಯಲ್ಲಿ ಕೋಟಿನ ಗುಂಡಿಯಷ್ಟು ಅಗಲದ ಒಂದು ಸೆಲ್ಲು. ಕರೆಂಟು ಇಲ್ಲದಾಗಲೂ ಬಯೋಸಿಗೆ ಕೊಟ್ಟ ಸೆಟ್ಟಿಂಗ್‌ಗಳನ್ನು ನೆನಪಿಟ್ಟು ಕಾಯುವುದು ಆ ಸೆಲ್ಲೇ. ಅಜ್ಜ ಅದನ್ನು ಉಗುರಿನಿಂದ ಮೀಟಿ ತೆಗೆದು, ಹೆಗಲ ಮೇಲಿನ ಶಲ್ಯದ ಚುಂಗಿನಲ್ಲಿ ಗಂಟು ಹಾಕಿಕೊಂಡರು.

"ಅಜ್ಜಾರ! ನನ್ನ ಸೆಟ್ಟಿಂಗೆಲ್ಲಾ ಹೋದ್ವಲ್ರಿ!"

"ಹೋಗ್ಲಿ."

ವೈರು ಸಿಕ್ಕಿಸಿ ಗುಂಡಿ ಒತ್ತಿದರೆ ಯಂತ್ರ ಹುಟ್ಟಿದಾಗಿನ ವೇಗದಲ್ಲಿ, ಏನೂ ಆಗಿಲ್ಲವೆಂಬಂತೆ ಎದ್ದು ಕೂತಿತು. ಕೆಲಸ ಹೊರಿಸಿದರು. ಹೊತ್ತಿತು.

ಬರಮ ತಡೆದಾನೆಯೇ? ಕೀಲಿಮಣೆ ಎಳೆದುಕೊಂಡು ತನ್ನ ಅಂಕಿಗಳನ್ನು ಪಟಪಟ ಕುಟ್ಟಿದ. ನೋಡಿ ಕುಟ್ಟುವ ಗರಜೇ ಅವನಿಗಿರಲಿಲ್ಲ. ಬಾಯಿಪಾಠ. ಐದು ಪಾಯಿಂಟ್ ಎರಡು. ವೋಲ್ಟೇಜ್ ಇಷ್ಟು. ಅದು ಅಷ್ಟು.

ಪರದೆ ಕಪ್ಪಾಯಿತು.

ಅಜ್ಜ ಚುಂಗಿನ ಗಂಟನ್ನು ಎತ್ತಿ ತೋರಿಸಿದರು. "ಅದರ ಸೆಲ್ಲು ಇಲ್ಲೈತಿ. ನಿಂದ ಎಲ್ಲೈತಿ? ತೋರ್ಸು, ತಗೀತೀನಿ."

ಹೇಳಿ ಹೊರಟೇಹೋದರು.

ಬರಮ ತಲೆ ಕೆರೆದುಕೊಂಡ. ತನ್ನ ಸೆಲ್ಲು? ಅಂಗಿಯ ಜೇಬು ತಡವಿದ. ಎದೆ ತಡವಿದ. ಏನೂ ಹೊಳೆಯಲಿಲ್ಲ. ಗುರುವಿನ ಮಾತು ಮೀರಬಾರದಲ್ಲ, ಕೋಣೆಗೆ ಹೋಗಿ ಟಾರ್ಚು ಬಿಚ್ಚಿ, ಅದರ ಸೆಲ್ಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜನ ಮುಂದೆ ನಿಂತ.

"ನನ್ನ ಕಡೆ ಇವ ಅದಾವ ನೋಡ್ರಿ."

ಅಜ್ಜ ಅವನ ಕೈ ಹಿಂದಕ್ಕೆ ಸರಿಸಿದರು.

"ಟಾರ್ಚಿನವು ಟಾರ್ಚಿಗೇ ಇರ್ಲಿ, ತಮ್ಮಾ. ದಂಡಿ ಮ್ಯಾಲೆ ಹಾವು ಓಡಾಡ್ತಾವ."

ಸಪ್ಪೆ ಮುಖ ಹೊತ್ತು ಮರಳಿದರೆ, ನೀಲವ್ವ ತನ್ನ ಡಬ್ಬಿಯಿಂದ ಬೇರೊಂದು ಸೆಲ್ಲು ತೆಗೆದು ಅವನ ಯಂತ್ರಕ್ಕೆ ಹಾಕುತ್ತಿದ್ದಳು. ವಿಭೂತಿ ನೋಡಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಬರಮಣ್ಣ, ಪ್ರೊಸೆಸರಿಗೆ ಎಷ್ಟು ವೋಲ್ಟೇಜ್ ಕೊಡು ಅಂತ ಹೇಳ್ತಿ?"

"ಒಂದು ಪಾಯಿಂಟ್ ಮೂರು."

"ಅದಕ್ಕ ಎಷ್ಟು ಮುಟ್ತೈತಿ?"

"ಏನ ಹುಚ್ಚಿ ಅದಿಯೇನ? ಹೇಳಿದಷ್ಟ ಮುಟ್ಟತೈತಿ!"

"ನೋಡಿಯೇನು?"

ನೋಡಿರಲಿಲ್ಲ. "ನನಗ ಕಲಸಾಕ ಬರಬ್ಯಾಡ," ಅಂದು ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿದ.

ಬೆಳಗಾಯಿತು. ಎಲ್ಲರೂ ಬರಮನ ಯಂತ್ರದ ಸುತ್ತ ಸೇರಿದರು. ಈರಯ್ಯಜ್ಜ ಗಂಟೆಯ ಹಗ್ಗ ಹಿಡಿದು ನಿಂತರು.

"ಬರಮಾ, ಎಷ್ಟು?"

ಆ ಅಂಕಿ ನಾಲಿಗೆಯ ತುದಿಗೆ ಬಂದು ಕೂತಿತು. ಕಣ್ಣ ಮುಂದೆ ಬಸ್‌ಸ್ಟ್ಯಾಂಡು, ಮಾವ, ಬೋರ್ಡು. ಇಷ್ಟು ದಿನ ಆ ಅಂಕಿಯನ್ನು ಹೇಳಿಯೇ ಎದೆ ಉಬ್ಬಿಸುತ್ತಿದ್ದ. ಅದನ್ನು ತಾನು ಕಂಡುಕೊಂಡದ್ದಾದರೂ ಹೇಗೆ? ನೆನಪಾಯಿತು. ಅವತ್ತು ತಲೆಯಲ್ಲಿ ಯಾವ ಅಂಕಿಯೂ ಇರಲಿಲ್ಲ. ಒಂದಿಷ್ಟು ಏರಿಸುವುದು, ಕಾಯುವುದು, ಬಿದ್ದರೆ ಇಳಿಸುವುದು. ಅಷ್ಟೇ ಇತ್ತು.

ಬರಮ ಕೀಲಿಮಣೆಯಿಂದ ಕೈ ತೆಗೆದ.

"ಗೊತ್ತಿಲ್ರಿ ಅಜ್ಜಾರ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತನ್ನ ಬಾಯಿಂದಲೇ ಬಂದ ಮಾತು ಬರಮನಿಗೆ ಬೇರೆಯವರದ್ದು ಅನ್ನಿಸಿತು. ಬೆವರು ಒರೆಸಿಕೊಂಡು ಸೇರಿಸಿದ: "ಇದನ್ನ ಕೇಳಬೇಕ್ರಿ."

ಅಜ್ಜ ಗಂಟೆ ಬಾರಿಸಿದರು. "ಕೇಳು."

ಬರಮ ಹುಟ್ಟಿದ ವೇಗದಿಂದ ಶುರು ಮಾಡಿದ. ವೋಲ್ಟೇಜ್ ಇಷ್ಟು ಎಂದು ಹೇಳಿದ, ಮುಟ್ಟಿದ್ದು ಎಷ್ಟು ಎಂದು ಪರದೆಯ ಮೇಲೆ ನೋಡಿದ.

ನೋಡಿದವನೇ ಕಲ್ಲಾದ.

ಯಂತ್ರ ಸುಮ್ಮನಿದ್ದಾಗ ಹೇಳಿದಷ್ಟು ಮುಟ್ಟುತ್ತಿತ್ತು. ಕೆಲಸ ಹೊರಿಸಿದ ಕೂಡಲೇ ಹೊಸ ಬಯೋಸ್ ಕೈ ಬಿಗಿಹಿಡಿದು ಒಂದಿಷ್ಟು ಕಡಿಮೆ ಕೊಡುತ್ತಿತ್ತು. ಹಾಗಾದರೆ ಹಳೆಯದು ಧಾರಾಳವಾಗಿ, ಹೇಳದೆಯೇ ಒಂದಿಷ್ಟು ಸೇರಿಸಿ ಬಡಿಸುತ್ತಿತ್ತೋ ಏನೋ. ಯಾರಿಗೆ ಗೊತ್ತು? ಆಗ ಅವನು ನೋಡಿರಲಿಲ್ಲ. ಕೊಟ್ಟದ್ದು ತಾನೇ ಅಂದುಕೊಂಡಿದ್ದ.

"ನೀಲವ್ವ," ಅಂದ, ತಲೆ ಎತ್ತದೆ. "ನೀ ಹುಚ್ಚಿ ಅಲ್ಲ."

"ಇದನ್ನೂ ಬೋರ್ಡಿನ್ಯಾಗ ಬರಸು," ಅಂದಳು ಅವಳು.

ವೇಗ ಏರಿಸಿದ. ಕಾದ. ಇನ್ನಷ್ಟು ಏರಿಸಿದ. ಬಿತ್ತು. ವೋಲ್ಟೇಜ್ ಹೆಚ್ಚು ಮಾಡಿದ. ಬಿಸಿ ಏರಿತು, ಬಿತ್ತು. ಇಳಿಸಿದ. ಒಂದೊಂದು ಸಲ ನಿಂತದ್ದು ಯಾಕೆ ನಿಂತಿತು, ಬಿದ್ದದ್ದು ಯಾಕೆ ಬಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ತಿಳಿಯದಿದ್ದಾಗ ಕೈ ಕಟ್ಟಿ ಕೂತು ನೋಡುತ್ತಿದ್ದ. ನೀಲವ್ವ ತಂದಿಟ್ಟ ರೊಟ್ಟಿ ಆರಿ ಕಟಿಯಾಯಿತು.

ಸಂಜೆಯ ಗಂಟೆ ಬಾರಿಸಿದಾಗ ಯಂತ್ರ ಓಡುತ್ತಿತ್ತು. ನಾಲ್ಕು ಪಾಯಿಂಟ್ ಒಂಬತ್ತು. ಅದೂ ಮಧ್ಯಾಹ್ನದ ಮೇಲಿನಿಂದ ಮಾತ್ರ.

ಬರಮ ಹೊಳೆಗೆ ಇಳಿದು ಅಜ್ಜನ ಮುಂದೆ ಕೈಮುಗಿದ.

"ಸಾರಿದ ವೇಗ ನಿಲ್ಲಲಿಲ್ರಿ. ಪದ್ಧತಿ ಪ್ರಕಾರ ನಾ ಸೋತಂಗ. ನಾಳಿಂದ ಕಸಬರಿಗಿ ಹಿಡೀತೀನ್ರಿ."

"ನಾಳೆ ಮತ್ತ ಹೊಸ ಬಯೋಸ್ ಬಂದ್ರ?"

ಹಳೇ ಬರಮನಾದರೆ ಇದಕ್ಕೆ ತಟ್ಟನೆ ಉತ್ತರ ಕೊಡುತ್ತಿದ್ದ. ಇವನು ನೀರು ನೋಡಿದ, ಕಾಲ ಹೆಬ್ಬೆರಳು ನೋಡಿದ.

"ಮತ್ತ ಗೊತ್ತಿಲ್ಲದಂಗ ಆಗತೈತ್ರಿ. ಮತ್ತ ಕೇಳ್ತೀನ್ರಿ."

"ನಿಮ್ಮ ಮಾವನ ಬೋರ್ಡಿಗೆ ಏನ ಮಾಡ್ತಿ?"

"ಹೆಸರು ಇರ್ಲಿ ಬಿಡ್ರಿ. ಕೆಳಗಿಂದಕ್ಕ ಸುಣ್ಣಾ ಬಳೀತೀನಿ."

ಈರಯ್ಯಜ್ಜ ಸೊಂಟದಲ್ಲಿ ಸಿಕ್ಕಿಸಿದ್ದ ಸ್ಕ್ರೂಡ್ರೈವರ್ ತೆಗೆದು ಅವನ ಬಲಗೈಯಲ್ಲಿಟ್ಟರು.

ಬರಮನಿಗೆ ದಿಕ್ಕೇ ತೋಚಲಿಲ್ಲ. "ಅಜ್ಜಾರ, ನಾ ಸೋತೀನಲ್ರಿ?"

ಅಜ್ಜ ಶಲ್ಯದ ಚುಂಗಿನ ಗಂಟು ಬಿಚ್ಚಿದರು. ಆ ಗುಂಡಿಯಂಥ ಸೆಲ್ಲನ್ನು ಅವನ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು.

"ಯಂತ್ರಕ್ಕ ನೀಲವ್ವ ಬ್ಯಾರೆ ಸೆಲ್ಲು ಹಾಕ್ಯಾಳ್ರಿ," ಅಂದ ಬರಮ. "ಇದು ಅದಕ್ಕ ಬ್ಯಾಡ್ರಿ."

"ಇದು ಅದರದ್ದಲ್ಲೋ, ತಮ್ಮಾ. ನಿಂದು."