ಕಣಜದ ಸಂದರ್ಶನ

ಇಲಿ ಹಿಡಿಯುವ ವಿದ್ಯೆಯಲ್ಲಿ ಪದವಿ ಪಡೆದ ಬೆಕ್ಕೊಂದು ಕಣಜದ ಕಾವಲು ಕೆಲಸ ಕೇಳಿಕೊಂಡು ಬಂತು. ಸಂದರ್ಶನ ಮಾಡಲು ಕುರ್ಚಿಯಲ್ಲಿ ಕುಳಿತಿದ್ದದ್ದು ಒಂದು ಹೆಗ್ಗಣ.

ಹೆಗ್ಗಣ ಬಾಯಲ್ಲಿದ್ದ ಭತ್ತ ನುಂಗಿ, "ಪದವಿ ಇದೆಯೋ?" ಎಂದಿತು.

"ಇದೆ ಸಾರ್. ಫಸ್ಟ್ ಕ್ಲಾಸು."

"ಅದು ಈಗ ಬೀದಿ ಬೆಕ್ಕುಗಳ ಹತ್ತಿರವೂ ಇದೆ. ಎಲ್ಲಾದರೂ ಇಲಿ ಹಿಡಿದ ಅನುಭವ?"

"ಕೆಲಸ ಸಿಕ್ಕರೆ ತಾನೇ ಸಾರ್, ಅನುಭವ?"

"ಅನುಭವ ಇಲ್ಲದವರಿಗೆ ಇಲ್ಲಿ ಕೆಲಸವಿಲ್ಲ."

ಬೆಕ್ಕಿಗೆ ತಲೆ ಕೆಟ್ಟುಹೋಯಿತು. ಎದುರಿಗಿದ್ದ ಮೀಸೆ, ಹಲ್ಲು, ಬಾಲ ಎಲ್ಲವೂ ತಾನು ಪುಸ್ತಕದಲ್ಲಿ ಓದಿದ್ದ ಹಾಗೆಯೇ ಇದ್ದವು. ಉಗುರುಗಳು ತಾವಾಗಿಯೇ ಹೊರಗೆ ಬಂದವು. ಆದರೆ ಬೇಟೆಯೇ ಕುರ್ಚಿಯಲ್ಲಿ ಕುಳಿತು ಪ್ರಶ್ನೆ ಕೇಳಿದರೆ ಏನು ಮಾಡಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲ. ಮೇಲೆ ಹಾರಬೇಕೋ, ಕೈ ಮುಗಿಯಬೇಕೋ?

"ಇನ್ನೇನಾದರೂ ಕೇಳುವುದಿದೆಯೋ?" ಎಂದಿತು ಹೆಗ್ಗಣ.

ಬೆಕ್ಕು ಉಗುರುಗಳನ್ನು ಒಳಗೆ ಎಳೆದುಕೊಂಡಿತು. "ಇದಕ್ಕಿಂತ ದೊಡ್ಡ ಪದವಿ ಮಾಡಿಕೊಂಡು ಬಂದರೆ ಅನುಕೂಲವಾದೀತೇ ಸಾರ್?"

"ಖಂಡಿತ," ಎಂದ ಹೆಗ್ಗಣ ಇನ್ನೊಂದು ಹಿಡಿ ಭತ್ತ ಬಾಯಿಗೆ ಹಾಕಿಕೊಂಡಿತು. "ಚೆನ್ನಾಗಿ ಓದು. ನಮಗೇನೂ ಅವಸರವಿಲ್ಲ."