ಕೆಸರುಕಟ್ಟೆಯ ಕಾವಲು

"ಗುರುಗಳೇ, ನಾಳೆ ಏನಾಗುವುದೋ ಎಂಬ ಹೆದರಿಕೆ ನನ್ನನ್ನು ಬಿಡುತ್ತಿಲ್ಲ. ಊಟಕ್ಕೆ ಕುಳಿತರೂ ಅದೇ, ಪಾಠಕ್ಕೆ ಕುಳಿತರೂ ಅದೇ. ಇದನ್ನು ಕಳೆದುಕೊಳ್ಳುವ ದಾರಿ ಯಾವುದು?" ಎಂದು ಶಿಷ್ಯ ಕೇಳಿದ.

ಗುರು ಒಂದು ಕಥೆ ಹೇಳತೊಡಗಿದರು.

ಒಂದು ಬೆಟ್ಟದಲ್ಲಿ ತಾಮ್ರದ ಗಣಿಯಿತ್ತು. ಅಲ್ಲಿ ಕಲ್ಲನ್ನು ಅಗೆದು ತಂದು, ಗಿರಣಿಯಲ್ಲಿ ಹಿಟ್ಟಿನಂತೆ ಅರೆದು, ತಾಮ್ರವನ್ನು ತೆಗೆಯುತ್ತಿದ್ದರು. ನೂರು ಬುಟ್ಟಿ ಕಲ್ಲಿಗೆ ಒಂದು ಬುಟ್ಟಿ ತಾಮ್ರ. ಉಳಿದುದೆಲ್ಲ ಬೂದು ಬಣ್ಣದ ಕೆಸರಾಗಿ ಹೊರಗೆ ಬರುತ್ತಿತ್ತು. ಎರಡು ಗುಡ್ಡಗಳ ನಡುವೆ ಮಣ್ಣಿನ ಕಟ್ಟೆ ಹಾಕಿ ಆ ಕೆಸರನ್ನು ಅದರ ಹಿಂದೆ ತುಂಬಿಸುತ್ತಿದ್ದರು. ಕೆಸರು ಏರಿದಂತೆ ಕಟ್ಟೆಯನ್ನೂ ಏರಿಸುತ್ತಿದ್ದರು. ಕಟ್ಟೆಯ ಕೆಳಗೆ ಒಂದು ಹಳ್ಳ. ಹಳ್ಳದ ದಂಡೆಯಲ್ಲಿ ನಲವತ್ತು ಮನೆಗಳ ಒಂದು ಊರು.

ಕಟ್ಟೆಯನ್ನು ನೋಡಿಕೊಳ್ಳಲು ಓಬಯ್ಯ ಎಂಬವನನ್ನು ಇಟ್ಟಿದ್ದರು. ಅವನು ದಿನವೂ ಬೆಳಿಗ್ಗೆ ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಸಾಲಾಗಿ ನೆಟ್ಟ ಗೂಟಗಳನ್ನು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಯಾವುದಾದರೂ ಗೂಟ ಸಾಲು ಬಿಟ್ಟು ಸರಿದಿದ್ದರೆ ಕಟ್ಟೆಯೂ ಸರಿದಿದೆ ಎಂದು ಅರ್ಥ. ಆಮೇಲೆ ಕೆಳಗಿಳಿದು, ಬುಡದಲ್ಲಿ ಒಸರುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಿದ್ದ. ಮಣ್ಣಿನ ಕಟ್ಟೆ ಒಸರುವುದು ಸಹಜ. ತಿಳಿನೀರು ಒಸರಿದರೆ ಚಿಂತೆಯಿಲ್ಲ. ಕದಡಿದ ನೀರು ಬಂದರೆ, ಕಟ್ಟೆ ಒಳಗಿನಿಂದ ಸ್ವಲ್ಪಸ್ವಲ್ಪವಾಗಿ ಕರಗುತ್ತಿದೆ ಎಂದೇ ತಿಳಿಯಬೇಕು.

ಹನ್ನೆರಡು ವರ್ಷ ಅವನು ನೋಡಿದ್ದು ತಿಳಿನೀರನ್ನೇ. ಆದರೂ ಅವನ ಹೆದರಿಕೆ ಹೋಗಿರಲಿಲ್ಲ. ಮಳೆ ಬಂದರೆ ಊರಿಗೆಲ್ಲ ಸಂತೋಷ, ಅವನು ಮಾತ್ರ ಉಣ್ಣುವುದನ್ನು ಬಿಟ್ಟು ಕಟ್ಟೆಗೆ ಓಡುತ್ತಿದ್ದ.

ಒಂದು ಬೆಳಿಗ್ಗೆ ಬಾಟಲಿಯ ನೀರು ಮಬ್ಬಾಗಿ ಕಂಡಿತು. ಹತ್ತಿರದಲ್ಲೇ ಎಮ್ಮೆಗಳ ಗೊರಸಿನ ಗುರುತಿತ್ತು. ಎಮ್ಮೆ ತುಳಿದು ಕದಡಿರಬಹುದು ಎಂದುಕೊಂಡು ಅವನು ಗಂಟೆಹೊತ್ತು ಕಾದ. ಮತ್ತೊಂದು ಬಾಟಲಿ ಹಿಡಿದ. ಅದೂ ಮಬ್ಬಾಗಿಯೇ ಇತ್ತು. ಅದನ್ನು ಎತ್ತಿಕೊಂಡು ಗಣಿಯ ಕಚೇರಿಗೆ ಓಡಿದ.

ಗಣಿಯ ಮ್ಯಾನೇಜರು ಸುರಂಗದೊಳಗೆ ಹೋಗಿದ್ದರು. ಓಬಯ್ಯ ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು ಬಾಗಿಲಲ್ಲಿ ನಿಂತ. ಅವರು ಬಂದದ್ದು ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಬಾಟಲಿಯ ನೀರು ತಿಳಿಯಾಗಿತ್ತು. ಮ್ಯಾನೇಜರು ಬಾಟಲಿಯನ್ನು ಎತ್ತಿ ನೋಡಿ, ಇದರಲ್ಲಿ ಏನೂ ಇಲ್ಲವಲ್ಲ ಎಂದರು. ಓಬಯ್ಯ ಬಾಟಲಿಯ ತಳವನ್ನು ತೋರಿಸಿದ. ಅಲ್ಲಿ ಬೂದು ಮಣ್ಣಿನ ಒಂದು ಪದರ ಕುಳಿತಿತ್ತು.

"ಉಗುರಿನ ದಪ್ಪವೂ ಇಲ್ಲ. ಇಷ್ಟಕ್ಕೆ ಗಿರಣಿ ನಿಲ್ಲಿಸಲೇ?" ಎಂದರು ಮ್ಯಾನೇಜರು.

"ಸಾಹೇಬರೇ, ಇದು ಒಂದು ಬಾಟಲಿಯದ್ದು. ನಾನು ಇಲ್ಲಿ ನಿಂತಿರುವಷ್ಟು ಹೊತ್ತೂ ಅಲ್ಲಿ ಹರಿಯುತ್ತಲೇ ಇದೆ" ಎಂದ ಓಬಯ್ಯ.

ಮ್ಯಾನೇಜರು ಅವನ ಜೊತೆ ಕಟ್ಟೆಯ ಬುಡಕ್ಕೆ ಬಂದರು. ತಾವೇ ಬಗ್ಗಿ ಬೊಗಸೆಯಲ್ಲಿ ನೀರು ಹಿಡಿದರು; ಅದೂ ಮಬ್ಬಾಗಿತ್ತು. ಅಂದು ಸಂಜೆಯೇ ಗಿರಣಿ ನಿಂತಿತು.

ಕಟ್ಟೆಗೆ ಒತ್ತಿಕೊಂಡಿದ್ದ ನೀರನ್ನು ಪಂಪು ಹಚ್ಚಿ ಹಿಂದಕ್ಕೆ ಎಳೆದರು. ಬುಡಕ್ಕೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಿದರು. ಹೀಗೆ ಹಾಕಿದರೆ ನೀರು ಹೊರಗೆ ಬರುತ್ತದೆ, ಮಣ್ಣು ಬರುವುದಿಲ್ಲ. ಒಂಬತ್ತು ದಿನ ಈ ಕೆಲಸ ನಡೆಯಿತು. ಆ ಒಂಬತ್ತು ದಿನವೂ ಗಿರಣಿಯ ಆಳುಗಳಿಗೆ ದುಡಿಮೆಯಿಲ್ಲ.

ಊರಿನಲ್ಲಿ ತಿಪ್ಪಕ್ಕ ಎಂಬ ಹೆಂಗಸಿದ್ದಳು. ಅವಳ ಗಂಡ ಗಿರಣಿಯ ಆಳು. ಕಟ್ಟೆಗೆ ಎಲ್ಲಕ್ಕಿಂತ ಹತ್ತಿರದ ಮನೆ ಅವಳದು. ಏಳನೆಯ ದಿನ ಅವಳು ಓಬಯ್ಯನ ಮನೆಯ ಮುಂದೆ ಬಂದು ನಿಂತಳು. "ಕಟ್ಟೆ ಒಡೆದರೆ ಮೊದಲು ಮುಳುಗುವುದು ನನ್ನ ಮನೆ, ದಿಬ್ಬದ ಮೇಲಿರುವ ನಿನ್ನದಲ್ಲ. ಆದರೆ ನನ್ನ ಮಕ್ಕಳಿಗೆ ಹಸಿವಾಗಿರುವುದು ಇವತ್ತು" ಎಂದಳು. ಓಬಯ್ಯ ಮನೆಯಲ್ಲಿದ್ದ ರಾಗಿ ಕೊಡಲು ಹೋದ. ಅವಳು ಮುಟ್ಟದೆ ಹೊರಟುಹೋದಳು.

ಒಂಬತ್ತನೆಯ ದಿನ ನೀರು ತಿಳಿಯಾಯಿತು. ಕಟ್ಟೆ ಒಡೆಯಲಿಲ್ಲ. ಯಾರ ಕಣ್ಣಿಗೂ ಒಂದು ಬಿರುಕು ಕಾಣಲಿಲ್ಲ, ಒಂದು ತೂತು ಕಾಣಲಿಲ್ಲ. ಎಮ್ಮೆ ಕದಡಿದ ನೀರಿಗೆ ಗಿರಣಿ ನಿಲ್ಲಿಸಿದ ಎಂದು ಜನ ಆಡಿಕೊಂಡರು. ಅವನಿಗೆ ಬಾಟಲಿ ಓಬಯ್ಯ ಎಂದೇ ಹೆಸರಾಯಿತು. ಒಂದೊಂದು ಸಲ ಅವನಿಗೂ ಸಂಶಯ ಬರುತ್ತಿತ್ತು. ಅಂದು ಕಾದದ್ದು ಒಂದೇ ಗಂಟೆ, ಇನ್ನೆರಡು ದಿನ ಕಾದಿದ್ದರೆ ನೀರು ತಾನಾಗಿಯೇ ತಿಳಿಯಾಗುತ್ತಿತ್ತೋ ಏನೋ. ಈ ಪ್ರಶ್ನೆಗೆ ಅವನಿಗೆ ಕಡೆಯವರೆಗೂ ಉತ್ತರ ಸಿಗಲಿಲ್ಲ. ಆದರೂ ಕೆಲಸ ಮುಗಿದ ಮರುದಿನ ಬೆಳಿಗ್ಗೆ ಮತ್ತೆ ಕಟ್ಟೆಗೆ ಹೋದ.

ಮ್ಯಾನೇಜರ ಮನಸ್ಸಿಗೆ ಮಾತ್ರ ಅದು ನಾಟಿತ್ತು. ಇನ್ನು ಕಟ್ಟೆಯನ್ನು ಏರಿಸುವುದು ಬೇಡ ಎಂದು ಅವರು ಗಣಿಯ ಯಜಮಾನರಿಗೆ ಬರೆದರು. ಒಪ್ಪಿಸಲು ಎರಡು ವರ್ಷ ಬೇಕಾಯಿತು. ಅಲ್ಲಿಂದ ಮುಂದೆ ಕೆಸರನ್ನು ಹಿಂಡಿ, ನೀರು ತೆಗೆದು, ಒಣಗಿದ್ದನ್ನು ಬೇರೆ ಕಡೆ ಹಾಸಿ ಗಟ್ಟಿಮಾಡುತ್ತಿದ್ದರು.

ಕೆಲವು ವರ್ಷಗಳಲ್ಲಿ ತಾಮ್ರ ಮುಗಿಯಿತು. ಗಣಿ ಮುಚ್ಚುವ ಮೊದಲು ಮ್ಯಾನೇಜರು ಒಂದು ಇಡೀ ವರ್ಷ ಕೆಸರಿನ ಕೆಲಸಕ್ಕೇ ನಿಂತರು. ಆ ಕೆಸರಿಗೆ ಗಾಳಿಯೂ ನೀರೂ ತಾಗಿದರೆ ಅದು ಹುಳಿಯಾಗುತ್ತದೆ; ಆ ಹುಳಿನೀರು ಹಳ್ಳ ಸೇರಿದರೆ ಮೀನೂ ಉಳಿಯುವುದಿಲ್ಲ, ಬೆಳೆಯೂ ಉಳಿಯುವುದಿಲ್ಲ. ಅದಕ್ಕಾಗಿ ಕೆಸರಿನ ಮೇಲೆ ಜೇಡಿಮಣ್ಣು ಹಾಕಿ ಗಟ್ಟಿಯಾಗಿ ಬಡಿದು, ಅದರ ಮೇಲೆ ಒಳ್ಳೆಯ ಮಣ್ಣು ಹರಡಿ, ಹುಲ್ಲು ಬೆಳೆಸಿದರು. ಮಳೆನೀರು ಹರಿದುಹೋಗಲು ಪಕ್ಕದ ಬಂಡೆಯಲ್ಲಿ ಕಾಲುವೆ ಕಡಿಸಿದರು. ಇದನ್ನು ಎಷ್ಟು ವರ್ಷ ಕಾಯಬೇಕು ಎಂದು ಯಜಮಾನರು ಕೇಳಿದರು. ಅದು ಅಲ್ಲಿ ಇರುವಷ್ಟು ವರ್ಷ ಎಂದರು ಮ್ಯಾನೇಜರು. ಯಜಮಾನರು ಹತ್ತು ವರ್ಷಕ್ಕೆ ಒಪ್ಪಿದರು. ಓಬಯ್ಯನನ್ನು ಅಲ್ಲೇ ಬಿಟ್ಟು ಎಲ್ಲರೂ ಹೊರಟುಹೋದರು.

ಹತ್ತು ವರ್ಷವೂ ಕಳೆಯಿತು. ಓಬಯ್ಯನ ಮಂಡಿ ಸೋತಿತ್ತು. ಮಗಳು ತನ್ನ ಊರಿಗೆ ಕರೆದಳು. ಅವನು ಗಂಟು ಕಟ್ಟುತ್ತಿದ್ದಾಗ ತಿಪ್ಪಕ್ಕ ಬಂದಳು. ಅವಳ ತಲೆಯೂ ನರೆತಿತ್ತು. ಕಟ್ಟೆಯ ಹತ್ತಿರದ ಅದೇ ಮನೆಯಲ್ಲಿ ಈಗ ಮೊಮ್ಮಗಳು ಹುಟ್ಟಿದ್ದಳು.

"ಅಣ್ಣ, ನೀನು ಹೋದ ಮೇಲೆ ಇಲ್ಲಿ ಹೆದರುವವರು ಯಾರೂ ಇಲ್ಲ. ನಿನ್ನ ಹೆದರಿಕೆಯನ್ನು ನನಗೆ ಕೊಟ್ಟುಹೋಗು" ಎಂದಳು.

"ಬೇಡ ತಂಗಿ. ಇದು ಉಂಡ ಅನ್ನವನ್ನು ಮೈಗೆ ಹತ್ತಗೊಡುವುದಿಲ್ಲ" ಎಂದ ಓಬಯ್ಯ.

ಅವಳು ಹೋಗದೆ ಅಲ್ಲೇ ನಿಂತಳು. ಓಬಯ್ಯ ಗಂಟು ಬಿಚ್ಚಿದ.

ಆ ಮಳೆಗಾಲ ಮುಗಿಯುವವರೆಗೂ ಅವನು ಅವಳನ್ನು ಕರೆದುಕೊಂಡು ನಡೆದ. ಗೂಟದ ಸಾಲು ನೋಡುವುದನ್ನು ಹೇಳಿಕೊಟ್ಟ. ನೀರು ಹಿಡಿಯುವುದನ್ನು, ಕಾಯುವುದನ್ನು, ಮತ್ತೊಮ್ಮೆ ಹಿಡಿಯುವುದನ್ನು ಹೇಳಿಕೊಟ್ಟ. ಕಟ್ಟೆಯ ಮೇಲೆ ಒಂದು ಬೇವಿನ ಸಸಿ ಎದ್ದಿತ್ತು. ಬೇರು ಹೋದ ದಾರಿಯಲ್ಲೇ ನೀರೂ ಹೋಗುತ್ತದೆ, ಕಿತ್ತುಬಿಡು ಎಂದ. ಬೇವನ್ನು ಕೀಳಲು ಅವಳಿಗೆ ಮನಸ್ಸು ಬರಲಿಲ್ಲ. ಮೂರು ದಿನ ಬಿಟ್ಟು ಕಿತ್ತಳು. ಅಂದು ಓಬಯ್ಯ ಮಗಳ ಊರಿಗೆ ಹೊರಟ. ಅಲ್ಲಿ ಮೊದಲನೆಯ ದಿನ ಬಿಸಿಲೇರುವವರೆಗೂ ಮಲಗಿದ್ದ. ಇಲ್ಲಿ ತಿಪ್ಪಕ್ಕ ಕತ್ತಲಿರುವಾಗಲೇ ಎದ್ದು ಕುಳಿತಿದ್ದಳು.

ಎರಡು ವರ್ಷದ ಮೇಲೆ ದೊಡ್ಡ ಮಳೆ ಬಂತು. ಮಳೆ ಸುರಿಯುತ್ತಿರುವಾಗಲೇ ತಿಪ್ಪಕ್ಕ ಕಟ್ಟೆ ಹತ್ತಿದಳು. ಬಂಡೆಯ ಕಾಲುವೆಗೆ ಮುಳ್ಳುಕಂಟಿಯೂ ಕಲ್ಲೂ ಬಂದು ಸಿಕ್ಕಿಕೊಂಡಿದ್ದವು. ಹೋಗಲು ದಾರಿಯಿಲ್ಲದೆ ನೀರು ಹುಲ್ಲಿನ ಮೇಲೆ ಏರಿ ಕಟ್ಟೆಯ ಅಂಚಿಗಿಂತ ಒಂದು ಗೇಣಷ್ಟೇ ಕೆಳಗಿತ್ತು. ಅವಳು ಕೂಗಿಕೊಂಡು ಊರಿಗೆ ಇಳಿದಳು. ನಲವತ್ತು ಮನೆಯವರೂ ಗುದ್ದಲಿ, ಹಾರೆ ಹಿಡಿದು ಬಂದರು. ಸಂಜೆಯ ಹೊತ್ತಿಗೆ ಕಾಲುವೆ ತೆರೆಯಿತು. ನೀರು ಇಳಿಯಿತು. ಜನ ಮೈ ಒರೆಸಿಕೊಂಡು ಮನೆಗೆ ಹೋದರು. ಮರುದಿನ ಬೆಳಿಗ್ಗೆ ತಿಪ್ಪಕ್ಕ ಮತ್ತೆ ಕಟ್ಟೆಗೆ ಹೋದಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ಕಟ್ಟೆ ಇವತ್ತಿನವರೆಗೂ ಒಡೆದಿಲ್ಲವೇ?" ಎಂದು ಶಿಷ್ಯ ಕೇಳಿದ.

ಒಡೆದಿಲ್ಲ ಎಂದರು ಗುರು.

"ಅಯ್ಯೋ, ಅಷ್ಟು ವರ್ಷ ಅವರಿಬ್ಬರೂ ಸುಮ್ಮನೆ ಹೆದರಿದರಲ್ಲ" ಎಂದ ಶಿಷ್ಯ.

ಗುರು ಹೇಳಿದರು: "ಸುಮ್ಮನೆ ಹೆದರುತ್ತಿರುವವನು ನೀನು, ಅವರು ಎದ್ದು ಹೋಗಿ ನೋಡುತ್ತಿದ್ದರು."